ಬುದ್ಧನ ಎದೆಯ ಸ್ವಸ್ತಿಕ: ತೆಗೆದುಹಾಕಿದ ವಿಡಿಯೋ ವಾಪಸ್ ಬಂತು

ವಿಡಿಯೋ ಕಂಪನಿಯಲ್ಲಿ ದೂರು ಕೇಳೋಕೆ ಇರುವ ಗ್ರೀವೆನ್ಸ್ ಆಫೀಸರ್‌ಗೆ ಬರೆಯೋದು ಟೈಮ್ ವೇಸ್ಟ್, ಹೊಸ ಚಾನೆಲ್ ಶುರು ಮಾಡು ಅಂತ ಕ್ರಿಯೇಟರ್ ಗೆಳೆಯರೆಲ್ಲ ಹೇಳಿದ್ದರು. ನಾನು ಬರೆದೆ. ಆಮೇಲೆ ಅದರ ಮೇಲೂ ಹೋದೆ. ವಿಡಿಯೋ ವಾಪಸ್ ಬಂತು, ಚಾನೆಲ್ ಮೇಲೆ ಹಾಕಿದ್ದ ಸ್ಟ್ರೈಕ್, ಅಂದರೆ ನಿಯಮ ಮುರಿದ ಎಚ್ಚರಿಕೆ, ಹೋಯಿತು. ಈಗ ನನ್ನ ಚಾನೆಲ್‌ನಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ ಓಡುತ್ತಿದೆ.

ನಾನು ಮಾಡೋದು ಚೀನಾದ ಫ್ಯಾಂಟಸಿ ಕಥೆಗಳ ಬಗ್ಗೆ ಕನ್ನಡ ವಿಡಿಯೋ. ಸಿಕ್ಕಿಬಿದ್ದದ್ದು ವಾನರ ರಾಜ ಸುನ್ ವುಕಾಂಗ್‌ನ ಕಂತು. 1592ರಲ್ಲಿ ಅಚ್ಚಾದ 'ಪಶ್ಚಿಮಕ್ಕೆ ಪಯಣ' ಕಾದಂಬರಿಯಲ್ಲಿ, ಬುದ್ಧನ ಅಂಗೈ ದಾಟಿ ಹಾರುತ್ತೇನೆ ಎಂದು ಅವನು ಪಂಥ ಕಟ್ಟುತ್ತಾನಲ್ಲ, ಆ ಭಾಗ. ಲೋಕದ ಅಂಚಿನಲ್ಲಿ ಐದು ಕಂಬ ಕಂಡೆ ಎಂದುಕೊಳ್ಳುತ್ತಾನೆ, ನೋಡಿದರೆ ಅವು ಬುದ್ಧನ ಬೆರಳು. ಅದೇ ಕೈ ಬೆಟ್ಟವಾಗಿ ಅವನ ಮೇಲೆ ಕೂರುತ್ತದೆ, ಬೆಟ್ಟಕ್ಕೆ 'ಓಂ ಮಣಿ ಪದ್ಮೇ ಹೂಂ' ಎಂಬ ಚೀಟಿ ಅಂಟುತ್ತದೆ, 500 ವರ್ಷ ಸೆರೆ. ಬಿಡಿಸುವವನು ಒಬ್ಬ ಭಿಕ್ಷು. ಆ ಪಾತ್ರದ ಹಿಂದೆ ಇರೋದು ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿ ಹರ್ಷನಿಗೂ ಬಗ್ಗಲಿಲ್ಲ ಎಂದು ಬರೆದವನು ಅವನೇ. ಈ ಎಳೆ ಹಿಡಿದು ಕನ್ನಡದಲ್ಲಿ ಯಾರೂ ಇಷ್ಟು ಚೆನ್ನಾಗಿ ವಿಡಿಯೋ ಮಾಡಿರಲಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಬುದ್ಧ ಕಾಣಿಸುವ ಜಾಗದಲ್ಲಿ ಹಾಂಗ್‌ಕಾಂಗ್‌ನ ಟಿಯಾನ್ ಟಾನ್ ಬುದ್ಧನ ಫೋಟೋ ಹಾಕಿದ್ದೆ. 34 ಮೀಟರ್ ಎತ್ತರದ ಕಂಚಿನ ಮೂರ್ತಿ, ಎದೆಯ ಮೇಲೆ ಸ್ವಸ್ತಿಕ. ವಾರದೊಳಗೆ 'ದ್ವೇಷದ ಚಿಹ್ನೆ' ಎಂದು ವಿಡಿಯೋ ತೆಗೆದರು. ನಮ್ಮ ಮನೆಗಳ ಬಾಗಿಲಲ್ಲಿ ದಿನಾ ಬರೆಯುವ ಗುರುತು ಅದು. ನಿಜಕ್ಕೂ ನೋವಾಯಿತು.

ಆ್ಯಪ್ ಒಳಗಿನ ಅಪೀಲ್ ಬಟನ್ ಒತ್ತಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ತಿರಸ್ಕಾರ. ಯಾವ ಮನುಷ್ಯನೂ ಅದನ್ನು ನೋಡಿರಲಿಕ್ಕಿಲ್ಲ. ಎಡಿಟರ್‌ಗೆ ಸುಮಾರು 1,500 ಕೊಟ್ಟು ಎದೆ ಬ್ಲರ್ ಮಾಡಿಸಿ ಮತ್ತೆ ಹಾಕಿದೆ. ಅದು ಉಳಿಯಿತು, ಆದರೆ ರೀಚ್ ಸತ್ತೇ ಹೋಯಿತು. ಬುದ್ಧನ ಎದೆಯಲ್ಲಿ ಏನು ಮುಚ್ಚಿಟ್ಟಿದ್ದೀರಿ ಅಂತಲೇ ಕಾಮೆಂಟ್. ಬೂಸ್ಟ್‌ಗೆ ಹಾಕಿದ ಮೂರು ಸಾವಿರವೂ ಹೋಯಿತು. ಸ್ವಸ್ತಿಕದ ಮೇಲೆ ಚೆಂಡು ಹೂವಿನ ಚಿತ್ರ ಅಂಟಿಸಿಯೂ ನೋಡಿದೆ, ಮೂರ್ತಿಯ ಅಂದವೇ ಕೆಟ್ಟಿತು. ಚೀನಾದ ನೆಟ್ಟಿಗರು ಸೆನ್ಸಾರ್ ತಪ್ಪಿಸಲು ಅದೇ ಉಚ್ಚಾರದ ಬೇರೆ ಅಕ್ಷರ ಬಳಸುತ್ತಾರಲ್ಲ, ಹಾಗೆ ಟೈಟಲ್‌ನಲ್ಲಿ ಕಾಗುಣಿತ ತಿರುಚಿ ಬರೆದೆ, ಹುಡುಕಿದವರಿಗೆ ವಿಡಿಯೋನೇ ಸಿಗಲಿಲ್ಲ. ಇಷ್ಟರ ನಡುವೆ ಮಾನಿಟೈಸೇಶನ್, ಅಂದರೆ ವಿಡಿಯೋಗಳಿಂದ ಬರುವ ದುಡ್ಡು, ನಿಂತು ಎರಡು ತಿಂಗಳಲ್ಲಿ ಹದಿನೆಂಟು ಇಪ್ಪತ್ತು ಸಾವಿರ ಕೈತಪ್ಪಿತು. ಕಂಪನಿಯ ಒಳಗೆ ನನಗೆ ಜನ ಗೊತ್ತು ಎಂದು ಒಬ್ಬರು ಎಂಟು ಸಾವಿರ ಕೇಳಿದರು. ಕೊಡಲಿಲ್ಲ.

ಕೆಲಸಕ್ಕೆ ಬಂದದ್ದು ಇಂಥ ಕಂಪನಿಗಳಿಗೆ ಕೇಂದ್ರ ಸರ್ಕಾರ ಮಾಡಿದ 2021ರ ಐಟಿ ನಿಯಮ. ದೂರು ಕೊಟ್ಟ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ನಾನು ಕೊಟ್ಟಾಗ 15 ದಿನದಲ್ಲಿ ಉತ್ತರ ಕೊಡಬೇಕಿತ್ತು. ಮೊದಲ ದೂರಿನಲ್ಲಿ ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯದ ಬಗ್ಗೆ ಎರಡು ಪುಟ ಬರೆದೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹಾಕಿದೆ. ಬಂದದ್ದು ರೆಡಿಮೇಡ್ ಉತ್ತರ. ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು, ಖಾಸಗಿ ಕಂಪನಿ ಅದಕ್ಕೆ ಜಗ್ಗಲ್ಲ. ಎರಡನೇ ಸಲ ಕಂಪನಿಯದೇ ನಿಯಮ ತೆಗೆದು ಅದರ ಮುಂದೆ ಇಟ್ಟೆ: ಧಾರ್ಮಿಕ, ಶೈಕ್ಷಣಿಕ ಬಳಕೆಗೆ ವಿನಾಯಿತಿ ಇದೆ ಎಂಬ ಸಾಲು. ಜೊತೆಗೆ ಅಕ್ಕಪಕ್ಕ ಎರಡು ಚಿತ್ರ. ಒಂದರಲ್ಲಿ ನಾಜಿ ಧ್ವಜ, ಕೆಂಪಿನ ಮೇಲೆ ಬಿಳಿ ವೃತ್ತ, ಅದರೊಳಗೆ ಓರೆಯಾಗಿ ನಿಂತ ಕಪ್ಪು ಗುರುತು. ಇನ್ನೊಂದರಲ್ಲಿ ಬುದ್ಧನ ಎದೆ, ನೆಟ್ಟಗೆ ಕೂತ ಎಡಮುಖದ ಸ್ವಸ್ತಿಕ. ಯಾವ ನಿಮಿಷ, ಯಾವ ಸೆಕೆಂಡ್ ಅಂತಲೂ ಬರೆದೆ. ಪತ್ರ ಇಂಗ್ಲಿಷ್‌ನಲ್ಲಿ, ಒಂದೇ ಪುಟ. ಅದರ ಮೊದಲ ಎರಡು ಸಾಲು ಏನು ಅನ್ನೋದು ನನ್ನ ಹತ್ತಿರವೇ ಇರಲಿ, ತುಂಬಾ ಒದ್ದಾಡಿ ಕಲಿತದ್ದು.

ಅದಕ್ಕೂ ಇಲ್ಲ ಎಂದರು. ಆಗ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಯ ಪೋರ್ಟಲ್‌ಗೆ ಹೋದೆ. ಅದು 2023ರಿಂದ ನಡೆಯುತ್ತಿದೆ. ಉತ್ತರ ಬಂದ 30 ದಿನದೊಳಗೆ ಹೋಗಬೇಕು. ವಕೀಲರಿಲ್ಲದೆ ನಾನೇ ಹಾಕಿದೆ. ಮೂರ್ನಾಲ್ಕು ವಾರದಲ್ಲಿ ವಿಡಿಯೋ ಮೊದಲಿದ್ದ ಹಾಗೇ ವಾಪಸ್, ಬ್ಲರ್ ಇಲ್ಲದೆ.

ಕಾಯುವಾಗ ಸುಮ್ನೆ ಕೂರಲಿಲ್ಲ, ಚೀನಾದ ಪುರಾಣದ ಬಾಲದೇವರು ನೆಝಾ ಬಗ್ಗೆ ಒಂದು ಶಾರ್ಟ್ (ಚಿಕ್ಕ ವಿಡಿಯೋ) ಮಾಡಿದೆ. 2025ರ ಸಿನಿಮಾದಿಂದ ಅವನ ಹೆಸರು ಎಲ್ಲರ ಬಾಯಲ್ಲಿತ್ತು. ಅವನ ಅಪ್ಪ ಲಿ ಜಿಂಗ್ ಕೈಯಲ್ಲಿ ಪಗೋಡ ಹಿಡಿದಿರುತ್ತಾನೆ. ಅದು ಬೌದ್ಧರ ವೈಶ್ರವಣನ ಗುರುತು, ಅಂದರೆ ನಮ್ಮ ಕುಬೇರ. ನೆಝಾನ ಮೂಲವನ್ನು ವಿದ್ವಾಂಸರು ಕುಬೇರನ ಮಗ ನಳಕೂಬರನವರೆಗೆ ಒಯ್ಯುತ್ತಾರೆ. ಕೃಷ್ಣ ಒರಳು ಎಳೆದುಕೊಂಡು ಹೋಗಿ ಎರಡು ಮತ್ತಿ ಮರ ಬೀಳಿಸಿದಾಗ ಶಾಪ ಕಳೆದು ಹೊರಬಂದ ಅಣ್ಣತಮ್ಮಂದಿರಲ್ಲಿ ಒಬ್ಬ! ನೆಝಾ ತಾವರೆಯಿಂದ ಮತ್ತೆ ಹುಟ್ಟುವ ಚಿತ್ರವನ್ನು ಥಂಬ್‌ನೇಲ್‌ಗೆ ಹಾಕಿದ್ದೆ. ತಾವರೆಗೆ ಯಾರೂ ತಕರಾರು ಮಾಡಲಿಲ್ಲ. ನಲವತ್ತು ಸಾವಿರ ಹತ್ತಿರ ವ್ಯೂಸ್ ಬಂತು, ಎಡಿಟರ್ ದುಡ್ಡು ಅದರಲ್ಲೇ ಹುಟ್ಟಿತು.

ಗೇಮ್ ಫೂಟೇಜ್ ಬಗ್ಗೆಯೂ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಇದೇ ವಾನರ ರಾಜನ ಕಥೆಯ ವಿಡಿಯೋ ಗೇಮ್ 'ಬ್ಲ್ಯಾಕ್ ಮಿಥ್: ವುಕಾಂಗ್' ಬಂದಾಗ, ಬಿಡುಗಡೆಗೆ ಮೊದಲೇ ಆಟ ಸಿಕ್ಕಿದ ಕೆಲವು ಸ್ಟ್ರೀಮರ್‌ಗಳಿಗೆ ಒಂದು ಪಟ್ಟಿಯೂ ಹೋಗಿತ್ತು: ರಾಜಕೀಯ ಬೇಡ, 'ಸ್ತ್ರೀವಾದಿ ಪ್ರಚಾರ' ಬೇಡ, ಕೋವಿಡ್ ಮಾತು ಬೇಡ. ನಾನು ಮೂರೂವರೆ ಸಾವಿರದ ಆಸುಪಾಸು ಕೊಟ್ಟು ಆಟ ಕೊಂಡೆ. ಶಾಂಶಿ ಪ್ರಾಂತ್ಯದ ಹಳೇ ದೇವಾಲಯಗಳನ್ನು ಸ್ಕ್ಯಾನ್ ಮಾಡಿ ಕಟ್ಟಿದ ಜಾಗಗಳನ್ನು ನಾನೇ ರೆಕಾರ್ಡ್ ಮಾಡಿದೆ, ನನಗೆ ಅನಿಸಿದ್ದನ್ನೇ ಹೇಳಿದೆ. ಫ್ರೀ ಕಾಪಿ ಸಿಗುತ್ತದೆ ಅಂತ ಬಾಯಿ ಕಟ್ಟಿಸಿಕೊಳ್ಳಬೇಡಿ, ಅಷ್ಟು ದುಡ್ಡು ಕೂಡಿಸಿಕೊಳ್ಳಬಹುದು.

ನಿಮ್ಮ ವಿಡಿಯೋ ಹೋದರೆ ಮೊದಲು ನೋಟಿಸ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ನನ್ನದು ಕೆಲವೇ ದಿನಕ್ಕೆ ಡ್ಯಾಶ್‌ಬೋರ್ಡ್‌ನಿಂದ ಮಾಯವಾಗಿತ್ತು, ಮೇಲ್ಮನವಿಗೆ ಲಗತ್ತಿಸಲು ಆ ಸ್ಕ್ರೀನ್‌ಶಾಟ್ ಒಂದೇ ಉಳಿದಿತ್ತು.