ಎಳೆಗೂಸುಗಳ ಟ್ರಸ್ಟ್ ನಡೆಸುವವರಿಗೆ: ಡಬ್ಬಿ ಹಾಲಿನ ಪುಡಿ ಕಂಪನಿಯ ಹಣ, ದಾನದ ಎದೆಹಾಲು

1,200 ಗ್ರಾಂ ತೂಕದ ಕೂಸಿಗೆ ಆರಂಭದಲ್ಲಿ ಕಿಲೋಗೆ ದಿನಕ್ಕೆ ಸುಮಾರು 80 ಮಿ.ಲೀ. ಲೆಕ್ಕದಲ್ಲಿ ಹಾಲು ಹಾಕುತ್ತಾರೆ. ಒಟ್ಟು 96 ಮಿ.ಲೀ.; ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 8 ಮಿ.ಲೀ., ಎರಡು ಟೀ ಚಮಚವೂ ಆಗದು. ತಾಯಿ ಐಸಿಯುನಲ್ಲಿದ್ದಾಗ ಆ ಎರಡು ಚಮಚ ಎಲ್ಲಿಂದ ತರುವುದು ಅನ್ನುವುದು ನಿಮ್ಮ ಟ್ರಸ್ಟಿಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಮೆಡಿಕಲ್ ಶಾಪಿನ ಡಬ್ಬಿ ಪುಡಿಯೇ ಗತಿ.

ಮೊದಲು ಹಣದ ವಿಷಯ. ಶಿಶು ಹಾಲಿನ ಬದಲಿ ಆಹಾರಗಳ ಕಾಯ್ದೆ (1992, ತಿದ್ದುಪಡಿ 2003) ಎರಡು ವರ್ಷದವರೆಗಿನ ಮಕ್ಕಳ ಆಹಾರ ಮತ್ತು ಹಾಲಿನ ಬಾಟಲಿಗಳಿಗೆ ಅನ್ವಯಿಸುತ್ತದೆ. ಇವನ್ನು ತಯಾರಿಸುವವರು, ಮಾರುವವರು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಕ್ಕಾಗಲಿ ಉಡುಗೊರೆ, ಸಮ್ಮೇಳನದ ಖರ್ಚು, ಸಂಶೋಧನಾ ಹಣ, ಪ್ರಾಯೋಜಕತ್ವ ಯಾವುದನ್ನೂ ಕೊಡುವಂತಿಲ್ಲ. ‘ನಮ್ಮದು ಆಸ್ಪತ್ರೆಯಲ್ಲ, ಬರೀ ಟ್ರಸ್ಟ್’ ಎಂದು ಜಾರಿಕೊಳ್ಳುವವರಿದ್ದಾರೆ. ಆದರೆ ತಾಯಿ-ಮಗುವಿನ ಆರೋಗ್ಯದ ಕೆಲಸದಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ತೊಡಗಿದ ಸಂಸ್ಥೆಯೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತದೆ. ಆ ‘ಪರೋಕ್ಷ’ ಎಂಬ ಒಂದು ಪದಕ್ಕೆ ಹೆಚ್ಚಿನ ಟ್ರಸ್ಟುಗಳು ಸಿಕ್ಕಿಬೀಳುತ್ತವೆ.

ಕಂಪನಿ ತನ್ನ ಹೆಸರಲ್ಲೇ ಚೆಕ್ ಕೊಡುವುದು ಅಪರೂಪ. ‘ಪೌಷ್ಟಿಕಾಂಶ ಪ್ರತಿಷ್ಠಾನ’ದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ, ನರ್ಸುಗಳಿಗೆ ಉಚಿತ ವೆಬಿನಾರ್, ತೂಕದ ಚಾರ್ಟಿನ ಮೂಲೆಯಲ್ಲೊಂದು ಲೋಗೋ, ಹೀಗೆ ಸುತ್ತುಬಳಸಿ ಬರುತ್ತದೆ. ದಾನಿ ಯಾರೇ ಇರಲಿ, ‘ನಾವಾಗಲಿ ನಮ್ಮ ಅಂಗಸಂಸ್ಥೆಯಾಗಲಿ ಶಿಶು ಆಹಾರ ಅಥವಾ ಹಾಲಿನ ಬಾಟಲಿ ತಯಾರಿಸುವುದಿಲ್ಲ, ಮಾರುವುದಿಲ್ಲ’ ಎಂದು ಒಂದು ಸಾಲು ಬರೆಸಿಕೊಳ್ಳಿ. ಬ್ರೆಸ್ಟ್ ಪಂಪ್ ಕೊಡಲು ಬಂದವರನ್ನೂ ಇದನ್ನೇ ಕೇಳಿ. ಪಂಪ್ ಮಾಡುವವರಲ್ಲಿ ಹಲವರು ಬಾಟಲಿಯನ್ನೂ ಮಾಡುತ್ತಾರೆ. ನೆರೆ ಬಂದಾಗ ಲಾರಿಗಟ್ಟಲೆ ಹಾಲಿನ ಪುಡಿ ತಂದು ಹಂಚುವುದಕ್ಕೂ ಅವಕಾಶವಿಲ್ಲ.

ಇನ್ನು ಹಾಲಿನ ಮಾತು. ದಾನದ ಎದೆಹಾಲನ್ನು ಸಂಗ್ರಹಿಸಿ, ಸಂಸ್ಕರಿಸಿ ಕೊಡುವ ಬ್ಯಾಂಕುಗಳಿವೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು. ನಮ್ಮಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ ಇದೆ. ಹತ್ತಿರದ ಬ್ಯಾಂಕಿಗೆ ಈಗಲೇ ಫೋನ್ ಮಾಡಿ ಮೂರು ವಿಷಯ ಕೇಳಿ ಬರೆದಿಡಿ: ಹೊರಗಿನ ಆಸ್ಪತ್ರೆಯ ಕೂಸಿಗೆ ಕೊಡುತ್ತೀರಾ, ವೈದ್ಯರ ಚೀಟಿ ಹೇಗಿರಬೇಕು, ರಾತ್ರಿ ಹೊತ್ತು ಯಾರಿರುತ್ತಾರೆ. ಹಲವು ಬ್ಯಾಂಕುಗಳ ಸಂಗ್ರಹ ತಮ್ಮದೇ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಾಕಾಗುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ, ಒಂದೂವರೆ ಕಿಲೋ ಒಳಗಿನ ಕೂಸುಗಳಿಗೆ ಮೊದಲ ಸರದಿ. ಸ್ವಂತ ತಾಯಿಯ ಹಾಲು ಹನಿಯಷ್ಟು ಸಿಕ್ಕರೂ ಅದಕ್ಕೇ ಮೊದಲ ಸ್ಥಾನ.

ದಾನ ಮಾಡುವ ತಾಯಂದಿರನ್ನು ಹುಡುಕಿಕೊಡುವ ಕೆಲಸವನ್ನು ಟ್ರಸ್ಟ್ ಚೆನ್ನಾಗಿ ಮಾಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ರಕ್ತಪರೀಕ್ಷೆ ಆಗಬೇಕು. ಬೀಡಿ, ಸಿಗರೇಟು, ಹೆಂಡದ ಅಭ್ಯಾಸ ಇರಬಾರದು. ಸೇವಿಸುತ್ತಿರುವ ಔಷಧಿಗಳನ್ನೆಲ್ಲ ಹೇಳಬೇಕು. ಆಕೆಯ ಸ್ವಂತ ಕೂಸಿನ ಹೊಟ್ಟೆ ತುಂಬಿದ ಮೇಲೆ ಮಿಕ್ಕ ಹಾಲು ಮಾತ್ರ ದಾನಕ್ಕೆ. ಮನೆಯಲ್ಲಿ ಹಿಂಡುವುದಾದರೆ ಸೋಪಿನಲ್ಲಿ ಕೈ ತೊಳೆದು, ಬ್ಯಾಂಕ್ ಕೊಟ್ಟ ಬಾಟಲಿಯಲ್ಲೇ ಮುಕ್ಕಾಲು ಭಾಗ ತುಂಬಿಸಿ, ದಿನಾಂಕ, ಹೊತ್ತು ಬರೆದು ಫ್ರೀಜರ್‌ನಲ್ಲಿಡಬೇಕು. ಹೆಪ್ಪುಗಟ್ಟುವಾಗ ಹಾಲು ಹಿಗ್ಗುತ್ತದೆ. ಕಂಠಮಟ್ಟ ತುಂಬಿದ ಬಾಟಲಿ ಬಿರಿಯುತ್ತದೆ. ಹೆಪ್ಪುಗಟ್ಟಿದ ಹಾಲಿನ ಮೇಲೆ ಬೆಚ್ಚಗಿನ ಹೊಸ ಹಾಲು ಸುರಿದರೆ ಮೇಲ್ಪದರ ಕರಗಿ ಕೀಟಾಣು ಬೆಳೆಯಲು ದಾರಿಯಾಗುತ್ತದೆ. ಸಾಗಿಸುವಾಗ ಐಸ್ ಬಾಕ್ಸ್ ತಪ್ಪಿಸಬೇಡಿ.

ಬ್ಯಾಂಕಿನಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಕ್ಷಣ ತಣಿಸಿ, ಕಲ್ಚರ್ ಪರೀಕ್ಷೆಯಲ್ಲಿ ಯಾವ ಕೀಟಾಣುವೂ ಬೆಳೆಯದಿದ್ದರೆ ಮಾತ್ರ ಮೈನಸ್ 20 ಡಿಗ್ರಿಯ ಫ್ರೀಜರ್‌ನಿಂದ ಹೊರಗೆ ಕೊಡುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ‘ಹಾಲು ಬೇಕು’ ಎಂದು ಹಾಕಿ ತಂದ ಹಾಲಿಗೆ ಇದ್ಯಾವುದೂ ಆಗಿರುವುದಿಲ್ಲ. ದುಡ್ಡಿಗೆ ಮಾರುವವರ ಹತ್ತಿರವೂ ಹೋಗಬೇಡಿ: ಎದೆಹಾಲನ್ನು ಸಂಸ್ಕರಿಸಿ ಮಾರಲು ಯಾರಿಗೂ ಅನುಮತಿಯಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇನಲ್ಲಿ ಸ್ಪಷ್ಟವಾಗಿ ಹೇಳಿದೆ.

ಬಂದ ಹಾಲನ್ನು ಫ್ರಿಜ್‌ನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಕರಗಿಸಿ. ಮೈಕ್ರೋವೇವ್ ಬೇಡ, ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗೇ ಉಳಿಯುತ್ತದೆ. ಫ್ರಿಜ್‌ನಲ್ಲಿ ಕರಗಿದ್ದು 24 ಗಂಟೆಯೊಳಗೆ ಮುಗಿಯಬೇಕು; ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಕುಡಿಸಲು ಬಾಟಲಿಗಿಂತ ಒಳಲೆ ವಾಸಿ, ತೊಳೆದು ಕುದಿಸುವುದು ಸಲೀಸು. ಕೂಸಿಗೆ ನುಂಗುವಷ್ಟು ಶಕ್ತಿ ಬಂದಿಲ್ಲದಿದ್ದರೆ ಟ್ಯೂಬೇ ಆಗಬೇಕು, ಅದು ನರ್ಸ್ ಕೆಲಸ.

ಅನಾಥಾಲಯದ ಮಾತು ಬೇರೆ. ಕಾಯ್ದೆ ಅವರಿಗೆ ವಿನಾಯಿತಿ ಕೊಟ್ಟಿದೆ, ಪುಡಿಯನ್ನು ಕಡಿಮೆ ದರಕ್ಕೂ ಕೊಳ್ಳಬಹುದು. ಆದರೆ ಡಬ್ಬಿಯ ಪುಡಿ ಪೂರ್ತಿ ಕೀಟಾಣುಮುಕ್ತವಲ್ಲ. ನೀರು ಕುದಿಸಿ, ಅರ್ಧ ಗಂಟೆಯೊಳಗೆ, ಅಂದರೆ 70 ಡಿಗ್ರಿಗಿಂತ ಇಳಿಯುವ ಮುನ್ನ ಪುಡಿ ಹಾಕಿ, ಆಮೇಲೆ ಲೋಟವನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಎರಡು ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ.