ಅವನ ಹಳೆಯ ಬದುಕನ್ನು ಒಪ್ಪಿಕೊಳ್ಳುವಾಗ

ನನ್ನ ಗಂಡನಿಗೆ ಮೊದಲು ಒಂದು ಮದುವೆಯಾಗಿತ್ತು. ಜಾತಿಯೂ ಬೇರೆ. ಅವನು ಹೇಳಿದ ದಿನವೇ ನಾನು ಎಲ್ಲವನ್ನೂ ಕೆದಕಿ ಕೇಳಿದೆ. ನೀವು ಹಾಗೆ ಮಾಡಬೇಡಿ. ಮುಂದಿನ ಬದುಕಿಗೆ ಬೇಕಾದ್ದನ್ನು ಮೊದಲು ಕೇಳಿ: ವಿಚ್ಛೇದನದ ತೀರ್ಪು ಬಂದಿದೆಯಾ, ಸಾಲ ಇದೆಯಾ, ಮಗು ಇದೆಯಾ. ಮೊದಲ ಹೆಂಡತಿ ನೋಡೋಕೆ ಹೇಗಿದ್ದಳು ಅನ್ನೋದು ಬೇಡ. ಅದರ ಉತ್ತರ ನಿದ್ದೆ ಕೆಡಿಸುತ್ತೆ, ಅಷ್ಟೇ.

ಆಮೇಲೆ ಹುಡುಗನ ಮನೆಗೆ ಹೋಗಿ, ಅವನ ಮನೆಯವರ ಜೊತೆಗೆ ಊಟಕ್ಕೆ ಕೂತುಕೊಳ್ಳಿ. ಮೊದಲ ಸಲ ಹೋದಾಗ ಅತ್ತೆ ಸ್ಟೀಲ್ ಲೋಟ ಹಿಡಿದುಕೊಂಡು, "ನಮ್ಮನೇಲಿ ನೀರು ಕುಡೀತೀಯಾ ಮಗಳೇ?" ಅಂದರು. ಅವರ ಕೈ ನಡುಗುತ್ತಿತ್ತು. ಎಷ್ಟು ವರ್ಷದ ನೋವು ಆ ಪ್ರಶ್ನೆಯಲ್ಲಿತ್ತು! ಕುಡಿದು, ಇನ್ನೊಂದು ಲೋಟ ಕೇಳಿದೆ. "ನಾನು ಜಾತಿ ನೋಡಲ್ಲ" ಅಂತ ಭಾಷಣ ಬೇಡ. ಅವರು ಅನುಭವಿಸಿದ್ದನ್ನು ಹೇಳುವಾಗ ಸುಮ್ನೆ ಕೇಳಿ. ನಿಮ್ಮ ಕಡೆಯವರು ಚುಚ್ಚಿ ಮಾತಾಡಿದರೆ ಉತ್ತರ ಕೊಡಬೇಕಾದವರು ನೀವೇ, ಅಲ್ವಾ?

ನಾವು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದೆವು. 30 ದಿನದ ನೋಟಿಸ್ ಇರುತ್ತೆ, ಮೂವರು ಸಾಕ್ಷಿಗಳು ಬೇಕು. ಆ ತಿಂಗಳು ನೆಂಟರ ಫೋನು ಜಾಸ್ತಿ. ಯಾರು ಏನಂದರು ಅನ್ನೋದನ್ನು ಅವತ್ತೇ ರಾತ್ರಿ ಅವನಿಗೆ ಹೇಳಿಬಿಡುತ್ತಿದ್ದೆ, ಒಂದನ್ನೂ ಮುಚ್ಚಿಡದೆ.