ಹರಳಿನ ಸಂದಿಯ ಮಹಶೀರ್ ತತ್ತಿ: ನನ್ನ ಅನುಭವ

ಹೊಳೆಯ ದೊಡ್ಡ ಹುರುಪೆಯ ಮೀನಾದ ಮಹಶೀರ್‌ನ ತತ್ತಿ ಹುಡುಕಲು ಶೂಟಿಂಗ್ ನೆಟ್ (ಸೆಳವಿಗೆ ಬಾಯಿ ಮಾಡಿ ಕಟ್ಟುವ ಆಲಿಕೆಯಾಕಾರದ ಬಲೆ) ಕಟ್ಟಿದ್ದೇ ಮೊದಲ ತಪ್ಪು. ಕಟ್ಲಾ, ರೋಹು ಮರಿ ಸೆಳವಿನಲ್ಲಿ ತೇಲಿ ಬಂದು ಬಲೆಗೆ ಬೀಳುತ್ತವೆ. ಮಹಶೀರ್ ತತ್ತಿ ಭಾರ, ಇಟ್ಟಲ್ಲೇ ಮುಳುಗಿ ಹರಳುಕಲ್ಲಿನ ಸಂದಿ ಸೇರುತ್ತದೆ. ಖಾನಾಪುರದ ಮೇಲ್ಗಡೆ ಮಲಪ್ರಭೆಯಲ್ಲಿ ಎರಡು ಮಳೆಗಾಲ ಸಿಕ್ಕಿದ್ದು ಎಲೆ, ಕಸ, ಏಡಿ. ಬಲೆ, ಕೂಲಿ ಸೇರಿ ಹದಿನಾರು ಸಾವಿರ ಹೊಳೆಪಾಲು. ‘ಇಲ್ಲಿ ಅದು ತತ್ತಿ ಇಡೂದೇ ಇಲ್ಲ, ಸುಮ್ಮನ ರೊಕ್ಕ ಹಾಳು’ ಅಂದವರೇ ಹೆಚ್ಚು.

ಮೂರನೇ ವರ್ಷ ಇಲಾಖೆಯ ಒಪ್ಪಿಗೆ ಪಡೆದು ಕ್ರೇಟಿಗೆ ಬಂದೆವು. ಕಾಯಿಪಲ್ಲೆ ಪೇಟೆಯ ಹಳೇ ಕ್ರೇಟು, ಒಂದಕ್ಕೆ 120 ರೂಪಾಯಿ ಆಸುಪಾಸು. ಗೇಣೆತ್ತರಕ್ಕೆ ಕೊಯ್ದು, ತಳಕ್ಕಷ್ಟೇ ಸೊಳ್ಳೆಪರದೆ ಹೊಲಿದು, ಅದೇ ಹೊಳೆಯ ನಿಂಬೆ ಗಾತ್ರದ ಹರಳು ತುಂಬಬೇಕು. ಬದಿಗೂ ಪರದೆ ಹಾಕಿದರೆ ನೀರಾಡದೆ ಹೂಳು ಕೂತು, ತತ್ತಿಗೆ ಬೂಸ್ಟು ಹಿಡಿಯುತ್ತದೆ. ಕ್ರೇಟು ಹೂತಾಗ ಅಂಚು ಹೊಳೆಯ ತಳಕ್ಕೆ ಸಮ ಇರಲಿ. ಮೇಲೆದ್ದರೆ ಸೆಳವು ಹರಳನ್ನೇ ಕೆರೆದು ಒಯ್ಯುತ್ತದೆ.

ಜುಲೈ ಕೆನ್ನೀರಿನಲ್ಲಿ ಇಟ್ಟ ಹನ್ನೆರಡರಲ್ಲಿ ಏಳು ಕೊಚ್ಚಿ ಹೋದವು. ನೀರಿಳಿದು, ಮೊಣಕಾಲು ಆಳದಲ್ಲಿ ಪಾದ ಕಾಣುವಷ್ಟು ತಿಳಿಯಾಗಬೇಕು: ಆಗಸ್ಟ್ ಕೊನೆ, ಸೆಪ್ಟೆಂಬರ್. ಜಾಗ, ಮಡು ಮುಗಿದು ನೀರು ತೆಳುವಾಗಿ ಹರಳ ಮೇಲೆ ಓಡಲು ತೊಡಗುವ ಕಡೆ. ಹತ್ತು ಮಡುಗಳಲ್ಲಿ ಯಾವುದೆಂದು ಆರಿಸುವ ಗುಟ್ಟು ನನ್ನಲ್ಲೇ ಇರಲಿ, ಮದ್ದು ಸಿಡಿಸಿ ಮೀನು ಹಿಡಿಯುವವರೂ ಇದನ್ನು ಓದುತ್ತಾರೆ. ಈ ಮೀನು ಕಂತು ಕಂತಾಗಿ ತತ್ತಿ ಇಡುತ್ತದೆ. ಒಂದು ವಾರಕ್ಕೇ ಕ್ರೇಟು ಕೀಳಬೇಡಿ.

ಹತ್ತನೇ ದಿನದ ಹೊತ್ತಿಗೆ ಎರಡು ಕ್ರೇಟಿನಲ್ಲಿ ನಲವತ್ತರಷ್ಟು ತತ್ತಿ. ಅಡ್ಡಳತೆ 3 ಮಿ.ಮೀ., ಬಣ್ಣ ಹಳದಿ. ರೋಹು ತತ್ತಿಯಾದರೆ ನೀರುಂಡು 5 ಮಿ.ಮೀ.ವರೆಗೆ ಉಬ್ಬಿ ಗಾಜಿನ ಹಾಗಿರುತ್ತದೆ, ಒಂದು ದಿನದೊಳಗೆ ಒಡೆಯುತ್ತದೆ. ಟ್ರೇಗೆ ಹಾಕಿದ ಇವು 24 ಡಿಗ್ರಿ ನೀರಿನಲ್ಲಿ ಒಡೆಯಲು ಮೂರು ದಿನ ತಗೊಂಡವು. ಮರಿ ಬೆಳಕಿಗೆ ಬೆನ್ನು ಹಾಕಿ ಮೂಲೆಯಲ್ಲಿ ಗುಡ್ಡೆ ಬೀಳುತ್ತವೆ, ಗಾಳಿ ಸಾಲದೆ ಕೆಳಗಿನವು ಸಾಯುತ್ತವೆ. ಟ್ರೇಗೆ ಕಪ್ಪು ಗೋಣಿ ಮುಚ್ಚಿ, ನೀರು ಸಣ್ಣಗೆ ಹರಿಯಬಿಟ್ಟ ಮೇಲೆ ಸಾವು ನಿಂತಿತು.

ಅಷ್ಟಕ್ಕೇ ಮಹಶೀರ್ ಎಂದು ಸಾರಬೇಡಿ. ಬೆರಳುದ್ದ ಬೆಳೆಸಿ ಪಕ್ಕೆಗೆರೆಯ (ಮೈಯ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಕಾಣುವ ಗೆರೆ) ಹುರುಪೆ ಎಣಿಸಿ: 25ರ ಆಸುಪಾಸು ಇದ್ದರೆ ಸರಿ, 40 ದಾಟಿದರೆ ಕೋಲಸ್ ಎಂಬ ಬೇರೆ ಮೀನು. ಎಣಿಸಿ ತೋರಿಸಿದ ಮೇಲೆ ಟೀಕಾಕಾರರೂ ಕ್ರೇಟು ಹೊರಲು ಬಂದರು! ಮರಿಗಳನ್ನು ಅದೇ ಮಡುವಿಗೆ ಬಿಟ್ಟೆವು.

ನಡುವೆ ಕ್ರೇಟಿನ ಬದಲು ನಾರಿನ ಚಾಪೆಯನ್ನೂ ಹಾಸಿ ನೋಡಿದ್ದುಂಟು. ಎರಡೇ ದಿನಕ್ಕೆ ರಾಡಿ ಹಿಡಿದು ಗೋಡೆಯಂತಾಯಿತು, ದಂಡೆಗೆಳೆಯಲು ಮೂವರು ಬೇಕಾದರು.